ಅಪ್ಪನ ಕಾಲಿನ ಅಡ್ಡ ಲೈನುಗಳು

ನಮ್ಮಪ್ಪ ಲಿಂಗಯ್ಯ ಅಶೋಕಪುರಂನಲ್ಲಿ ನೀರು ಬಿಡುವವರು. ಬೀದಿ ಬೀದಿಯ ವಾಲ್ವ್ ತಿರುಗಿಸುತ್ತ, ನಡೆದೂ ನಡೆದೂ ನಮ್ಮನ್ನು ಸಾಕಿದವರು. ನೆಲದೊಳಗೆ ಪೈಪು ಒಡೆದರೆ ಕಬ್ಬಿಣದ ಸಲಾಕೆಯನ್ನು ರಸ್ತೆಗೆ ಊರಿ, ಅದರ ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ "ಇಲ್ಲಿ ಅಗೀರ್ಲಾ" ಅನ್ನುತ್ತಾರೆ. ಅಗೆದರೆ ನೀರು ಬುಗ್ಗೆಂದು ಚಿಮ್ಮುತ್ತದೆ. ಚಿಕ್ಕಂದಿನಲ್ಲಿ ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಈಗಲೂ ಅಷ್ಟೇ, ಆದರೆ ಅವರಿಗೆ ಹೇಳುವುದಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಅಂಥವರ ಎಡಗಾಲು ಹೋದ ವರ್ಷ ಮುಷ್ಕರ ಹೂಡಿತು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ನನಗೂ ಹೇಳದೆ ಒಬ್ಬರೇ ಆಸ್ಪತ್ರೆಗೆ ಹೋಗಿ ಮಾತ್ರೆ ತಂದರು. ಡಾಕ್ಟರು ಏನೇನು ಹೇಳಿದರೋ, ಇವರ ಕಿವಿಗೆ ಬಿದ್ದದ್ದು ಒಂದೇ ಮಾತು: ಕಾಲಿಗೆ ರಕ್ತ ಒಯ್ಯುವ ನಾಳ ತೊಡೆಯೊಳಗೆ ಕಟ್ಟಿಕೊಂಡಿದೆ.

ಆ ಮಾತು ನಮ್ಮ ವಿಜಯ್‌ಕುಮಾರ್ ಮಾವನ ಕಿವಿಗೂ ಬಿತ್ತು. ಅಮ್ಮನ ತಮ್ಮ. ಯಾವುದೋ ಕಂಪನಿಯ ಗಿಡಮೂಲಿಕೆ ಕ್ಯಾಪ್ಸೂಲನ್ನು ನೆಂಟರಿಗೇ ಮಾರಿ ಬದುಕುವ ಮಹಾನುಭಾವ. ಬೆಳ್ಳುಳ್ಳಿ, ಮತ್ತಿ ಮರದ ಚಕ್ಕೆ, ನುಗ್ಗೆ ಸೊಪ್ಪು ಎಲ್ಲ ಒಂದೇ ಹಸಿರು ಡಬ್ಬಿಯಲ್ಲಿ. "ಹಿತ್ತಲ ಗಿಡ ಮದ್ದಲ್ಲ ಅಂತ ನಾವೇ ಅಸಡ್ಡೆ ಮಾಡ್ಬುಟ್ವಿ ಭಾವ. ಇದು ನಾಳದೊಳಗಿನ ಕೊಳೆಯೆಲ್ಲ ತೊಳ್ದಾಕ್ಬುಡ್ತದೆ" ಅಂದ. ಸುಣ್ಣ ಕಟ್ಟಿದ ಪೈಪುಗಳನ್ನು ಜೀವಮಾನವೆಲ್ಲ ನೋಡಿದ ಅಪ್ಪನಿಗೆ ಇದಕ್ಕಿಂತ ಸರಿಯಾದ ಮಾತು ಇನ್ನೇನಿದೆ? ಡಾಕ್ಟರ ಮಾತ್ರೆ ಗೂಡು ಸೇರಿತು, ಕ್ಯಾಪ್ಸೂಲು ಹೊಟ್ಟೆ ಸೇರಿತು. ರಜೆ ಹಾಕಿ ಜಗಲಿಯ ಮೇಲೆ ಕಾಲು ಚಾಚಿ, ಬೀಡಿ ಸೇದುತ್ತ ಕೂತುಬಿಟ್ಟರು.

"ಸ್ವಲ್ಪ ಓಡಾಡಪ್ಪ" ಅಂದೆ.

"ರಿಪೇರಿ ಆಗೋಗಂಟ ಲೈನ್ ಬಂದ್ ಮಾಡ್ಬೇಕು ಕಣವ್ವ. ನೀರು ಹರೀತಿರೋವಾಗ ಯಾವನಾದ್ರೂ ಪೈಪ್ ಬಿಚ್ತಾನಾ?"

ನನಗೆ ಮೈಯೆಲ್ಲ ಉರಿಯಿತು. ಆದರೆ ಅಪ್ಪನ ಹಟದ ಮುಂದೆ ನನ್ನ ಕೋಪ ಯಾವ ಲೆಕ್ಕ! ದಸರಾ ದೀಪ ನೋಡಲೂ ಅವರು ಹೊರಡಲಿಲ್ಲ. ದೀಪಾವಳಿಯ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಬಲಪಾದ ಬೆಚ್ಚಗಿತ್ತು. ಎಡಪಾದ ಕೊರೆಯುವಷ್ಟು ತಣ್ಣಗಿತ್ತು. ಹಬ್ಬದ ಅಡುಗೆ ಅಲ್ಲಿಗೇ ಬಿಟ್ಟು, ಬೈದು, ಅತ್ತು, ಆಟೋ ಹತ್ತಿಸಿದೆ.

ಆ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರ್ ಸರ್ವಮಂಗಳಾ ಮೊದಲು ಹಸಿರು ಡಬ್ಬಿಯ ಚೀಟಿ ಓದಿದರು. "ಬೆಳ್ಳುಳ್ಳಿ ಸಾರು ಮಾಡ್ಕೊಂಡು ಉಣ್ಣಿ, ನುಗ್ಗೆ ಸೊಪ್ಪು ಬಸ್ಸಾರು ಮಾಡಿ, ಯಾರು ಬೇಡ ಅಂದ್ರು? ಆದ್ರೆ ಕಟ್ಕೊಂಡಿರೋ ನಾಳನ ಇದು ತೊಳೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ ಲಿಂಗಯ್ಯನೋರೇ. ಮಾತ್ರೆ ಯಾಕೆ ನಿಲ್ಲಿಸಿದ್ರಿ? ಹೀಗೇ ಬಿಟ್ರೆ ಕಾಲನ್ನೇ ಕಳ್ಕೋಬೇಕಾಗುತ್ತೆ" ಅಂದರು. ಅಪ್ಪನ ಮುಖ ಬಿಳಿಚಿಕೊಂಡಿತು. ನಡಿಗೆಯೇ ಅನ್ನವಾದ ಮನುಷ್ಯ.

ಆಮೇಲೆ ರಕ್ತ ಹರಿಯುವ ಸದ್ದು ಕೇಳಿಸುವ, ಪೆನ್ನಿನಂಥದೊಂದು ಯಂತ್ರವನ್ನು ಬಲಪಾದಕ್ಕೆ ಇಟ್ಟರು. ಧುಸ್, ಧುಸ್ ಎಂದು ಕೋಣೆ ತುಂಬ ಸದ್ದು. ಅಪ್ಪನ ರಕ್ತ! ನನ್ನ ಅಪ್ಪನ ಒಳಗೆ ಹಗಲೂ ರಾತ್ರಿ ಹೀಗೆ ಹರಿಯುತ್ತಿದೆಯಾ ಅಂತ ನಾನು ಕುರ್ಚಿ ಹಿಡಿದುಕೊಂಡೆ. ಎಡಪಾದಕ್ಕೆ ಇಟ್ಟಾಗ ಸದ್ದು ಎಲ್ಲೋ ದೂರದಿಂದ ಬಂತು. ಸುಯ್... ಸುಯ್... ಅಪ್ಪ ಕಣ್ಣು ಮುಚ್ಚಿದರು.

"ಡಾಕ್ಟ್ರಮ್ಮ, ಮೇಲ್ಗಡೆ ಮುಚ್ಕೊಂಡದೆ ಅಂದ್ರಲ್ಲ. ಮತ್ತೆ ಇಲ್ಲೀಗಂಟ ಎಲ್ಲಿಂದ ಬತ್ತಾ ಅದೆ?"

ಡಾಕ್ಟರು ಯಂತ್ರ ಕೆಳಗಿಟ್ಟು ನಕ್ಕರು. "ಅಕ್ಕಪಕ್ಕದಲ್ಲಿ ಸಣ್ಣ ಸಣ್ಣ ನಾಳಗಳಿರ್ತವೆ. ದೊಡ್ಡದು ಕಟ್ಕೊಂಡಾಗ ಅವು ಹಿಗ್ಗಿ, ಬಳಸಿಕೊಂಡು ಹೋಗಿ, ಪಾದಕ್ಕೆ ರಕ್ತ ತಲುಪಿಸ್ತವೆ."

"ಅಡ್ಡ ಲೈನು! ಯಾರೂ ಆರ್ಡರ್ ಕೊಡ್ದೆ?"

"ಯಾರೂ ಕೊಡ್ದೆ. ಆದ್ರೆ ಕಾಲು ಕೆಲಸ ಮಾಡಿದ್ರೆ ತಾನೇ ರಕ್ತ ಕೇಳೋದು, ಅವು ಹಿಗ್ಗೋದು? ಬೀಡಿ ಬಿಡಿ. ಮಾತ್ರೆ ತಪ್ಪಿಸ್ಬೇಡಿ. ನೋವು ಜೋರಾಗೋವರೆಗೂ ನಡೀರಿ, ನಿಲ್ಲಿ, ಕಮ್ಮಿ ಆದ್ಮೇಲೆ ಮತ್ತೆ ನಡೀರಿ."

ಅಪ್ಪ ತಮ್ಮ ಕಾಲನ್ನು ಯಾರೋ ದೊಡ್ಡವರನ್ನು ನೋಡುವ ಹಾಗೆ ನೋಡಿದರು. "ನಾನು ಬಂದ್ ಮಾಡಿ ಕೂತಿದ್ನಲ್ಲವ್ವ," ಅಂದರು ನನ್ನ ಕಡೆ ತಿರುಗಿ, "ಇವು ಪಾಪ, ಒಳಗೆ ದುಡೀತಾನೇ ಇದ್ವಲ್ಲವ್ವ!" ಅವರ ಕಣ್ಣು ತುಂಬಿತ್ತು. ಎಷ್ಟು ಬೈದುಕೊಂಡಿದ್ದೆವು ಆ ಕಾಲನ್ನು!

ಡಬ್ಬಿ ವಾಪಸು ಕೊಟ್ಟಾಗ ಮಾವ, "ಪಥ್ಯ ಸರಿಯಾಗಿ ಮಾಡಿಲ್ಲ ಭಾವ" ಅಂದ. ಅವನಿಗೆ ಕಾಫಿ ಕೊಡಲಿಲ್ಲ.

ಮಾನಂದವಾಡಿ ರಸ್ತೆಯಲ್ಲಿ ನಮ್ಮ ನಡಿಗೆ ಶುರುವಾಯಿತು. ನಾನು ಟೈಲರಿಂಗ್ ಅಂಗಡಿಗೆ ಹೋಗುವ ಮುಂಚೆ ಅವರ ಜೊತೆ ಹೋಗುತ್ತಿದ್ದೆ. ಹಲ್ಲು ಕಚ್ಚಿ ನಡೆಯುವರು, ಕಂಬ ಹಿಡಿದು ನಿಲ್ಲುವರು, "ಅಯ್ಯಪ್ಪಾ" ಎಂದು ಮತ್ತೆ ಹೊರಡುವರು. ಚಳಿಯಲ್ಲೂ ಅವರ ಹಣೆಯ ಬೆವರು ನೋಡಿ ನನಗೆ ಸಾಕು ಬಿಡಪ್ಪ ಅನ್ನಿಸುತ್ತಿತ್ತು. ಒಂದೊಂದು ದಿನ ನಿನ್ನೆಗಿಂತ ಕಡಿಮೆ ನಡೆದು, ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಕಾಲು ಉಳಿಯುತ್ತದೋ ಇಲ್ಲವೋ ಎಂಬ ಭಯವನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಶಿವರಾತ್ರಿ ಕಳೆದಿತ್ತು. ಆ ಬೆಳಿಗ್ಗೆ ರಸ್ತೆಯ ಆ ತುದಿಯಲ್ಲಿ ಯಾರದೋ ಮನೆಯ ಸಂಪು ತುಂಬಿ ನೀರು ಚರಂಡಿಗೆ ಹರಿಯುತ್ತಿರುವುದು ಅಪ್ಪನ ಕಣ್ಣಿಗೆ ಬಿತ್ತು. "ಯಾವನಲಾ ಅವ್ನು! ಅಪ್ಪನ ಮನೆ ಗಂಟಾ ನೀರು?" ಎಂದು ಕೂಗುತ್ತ ಹೊರಟರು. ಒಂದು ಕಂಬ ದಾಟಿದರು, ಇನ್ನೊಂದು ದಾಟಿದರು, ಅಂಗಡಿ ಸಾಲು ದಾಟಿದರು. ಎಲ್ಲೂ ನಿಲ್ಲಲಿಲ್ಲ. ನಿಲ್ಲುವುದು ಅವರಿಗೆ ನೆನಪೇ ಇರಲಿಲ್ಲ. ನಾನು ಇದ್ದಲ್ಲೇ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದೆ. ಅಳು ತಡೆಯಲಾಗಲಿಲ್ಲ.

ಆ ಮನೆಯವರಿಗೆ ಮಂಗಳಾರತಿ ಎತ್ತಿ ಅಪ್ಪ ಹಿಂದಿರುಗಿ ನೋಡಿದರು. ನಾನು ದೂರದಲ್ಲೇ ಇದ್ದೆ. ಅಷ್ಟೇ ಬಿರುಸಾಗಿ ವಾಪಸು ನಡೆದು ಬಂದು, ಗಾಬರಿಯಿಂದ ಕೇಳಿದರು:

"ಯಾಕವ್ವ ನಿಂತ್ಬುಟ್ಟೆ? ಕಾಲು ನೋಯ್ತಾ ಅದಾ?"