ಅಶ್ವಿನಿ ಎಲೆಯ ನೀರು

ಮಕ್ಕಳೇ, ಶಕುನ, ಕಣಿ, ಸೂಚನೆ ಇಂಥವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಅದಕ್ಕೆ ಹುಳ ಸಿಕ್ಕಿರಬೇಕು ಎನ್ನುತ್ತಿದ್ದವಳು ನಾನು. ಊರ ಶಾಲೆಯಲ್ಲಿ ಕಲಿತದ್ದು ಸ್ವಲ್ಪವೇ. ಆದರೂ ಗ್ರಹಣದ ಹೊತ್ತಿನಲ್ಲಿ ಗುಟ್ಟಾಗಿ ಅನ್ನ ಉಂಡು, ಏನೂ ಆಗಲಿಲ್ಲವಲ್ಲ ಎಂದು ಒಳಗೊಳಗೇ ನಕ್ಕಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಂಬುವುದಿಲ್ಲ ಎನ್ನುವ ಧೈರ್ಯ ಮಾತ್ರ ಹೋಗಿದೆ.

ಇದನ್ನು ಬರೆಯಲು ಕಾರಣ ನಿಮಗೆ ಗೊತ್ತು. ಮೊನ್ನೆ ಕುರೆಕುಪ್ಪದ ನಾಮಕರಣದಲ್ಲಿ ನಮ್ಮ ಸಂಬಂಧದ ಹೆಂಗಸೊಬ್ಬಳು, "ಕೂಸಿನ್ನ ಆಕಿ ಮುಂದ ತರಬ್ಯಾಡ್ರಿ, ಕರಿನಾಲಿಗಿ ಮುದುಕಿ ಏನಾರ ಅಂದುಗಿಂದಾಳು" ಎಂದಳು. ಕೆಟ್ಟದ್ದು ಆಡಿದರೆ ನಿಜವಾಗುವ ನಾಲಿಗೆಗೆ ಆ ಹೆಸರು. ನಿಮ್ಮಲ್ಲಿ ಚಿಕ್ಕವಳು ಅದನ್ನು ಕೇಳಿಸಿಕೊಂಡು, "ಅಜ್ಜಿ, ನಾಲಿಗಿ ತೋರ್ಸು" ಎಂದು ನನ್ನ ಬಾಯೊಳಗೆ ಇಣುಕಿ, "ಏ, ಎಲಿಅಡಿಕಿ ತಿಂದು ಕೆಂಪಗ ಐತಲ್ಲ!" ಎಂದು ಪಂಕ್ತಿಗೆಲ್ಲ ಕೇಳುವಂತೆ ಕೂಗಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಹೆಂಗಸು ಮಾತ್ರ ಕೂಸಿನ ಮುಖಕ್ಕೆ ಮುಚ್ಚಿದ ಸೆರಗನ್ನು ತೆಗೆಯಲಿಲ್ಲ. ಈ ಹೆಸರು ನನಗೆ ಹೇಗೆ ಅಂಟಿತೆಂದು ಮಂದಿಯ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಿರಿ.

ಆಗ ನಾವು ಕಂಪ್ಲಿಯಲ್ಲಿದ್ದೆವು. ನಿಮ್ಮ ತಾತ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಬೇಸಿಗೆ ಭತ್ತ ಕೊಯ್ಲಿಗೆ ಬರುವ ಕಾಲದಲ್ಲಿ ಗಿರಣಿಯ ಅಂಗಳದ ತುಂಬ ಭತ್ತ ಒಣಗಲು ಹರವಿರುತ್ತಿದ್ದರು. ಮೋಡ ಕಂಡರೆ ಅದನ್ನು ರಾಶಿ ಎಳೆದು ತಾಡಪತ್ರಿ ಮುಚ್ಚುವುದು ಅವರ ಹೊಣೆ.

ನನ್ನ ಅತ್ತೆಗೆ ಒಂದು ಪದ್ಧತಿಯಿತ್ತು. ಯುಗಾದಿಯ ಹಿಂದಿನ ಸಂಜೆ ಮಾಳಿಗೆಯ ಮೇಲೆ ಎಕ್ಕದ ಎಲೆಗಳನ್ನು ಸಾಲಾಗಿ ಇಡುವರು. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ಒಂದೊಂದು ಮಳೆಗೆ ಒಂದೊಂದು ಎಲೆ. ಪ್ರತಿ ಎಲೆಯ ಮೇಲೂ ಚಿಟಿಕೆ ಹರಳುಪ್ಪು. ಮೇಲೆ ಬುಟ್ಟಿ ಕವುಚಿ ಬರುವರು. ಬೆಳಿಗ್ಗೆ ಯಾವ ಎಲೆಯ ಉಪ್ಪು ಬೆವರಿರುತ್ತದೋ ಆ ಮಳೆ ಚೆನ್ನಾಗಿ ಆಗುತ್ತದೆ ಎಂದು ಲೆಕ್ಕ. ಓಣಿಯವರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಉಪ್ಪು ತೇವ ಹೀರುವುದು ಅದರ ಗುಣ, ಇದರಲ್ಲೇನಿದೆ ಎಂದುಕೊಳ್ಳುತ್ತಿದ್ದೆ ನಾನು.

ಆ ವರ್ಷ ಅತ್ತೆಯ ಮೊಣಕಾಲು ಬಾತಿತ್ತು. ಯುಗಾದಿಯ ಬೆಳಿಗ್ಗೆ, "ನೀನ ಹೋಗಿ ಬುಟ್ಟಿ ತೆಗಿ, ನೋಡಿ ಹೇಳು" ಎಂದರು. ಏಣಿ ಹತ್ತಿ ಹೋದೆ. ಬಿಸಿಲು ಇನ್ನೂ ಬಿದ್ದಿರಲಿಲ್ಲ, ಗಾಳಿಯೂ ಇರಲಿಲ್ಲ. ಬುಟ್ಟಿ ಎತ್ತಿದಾಗ ಎಲ್ಲ ಎಲೆಗಳ ಉಪ್ಪೂ ಇಟ್ಟದ್ದು ಇಟ್ಟ ಹಾಗೆ ಹರಳುಹರಳಾಗಿ ಒಣಗಿತ್ತು. ಮೊದಲನೆಯ ಅಶ್ವಿನಿ ಎಲೆಯಲ್ಲಿ ಮಾತ್ರ ಉಪ್ಪೇ ಇರಲಿಲ್ಲ, ನೀರಿತ್ತು. ಒಂದು ಚಿಟಿಕೆ ಉಪ್ಪು ಕರಗಿದರೆ ಆಗುವಷ್ಟಲ್ಲ, ಎಲೆ ದೊನ್ನೆಯಂತೆ ತಗ್ಗಿ ಅಂಚಿನವರೆಗೂ ತುಂಬಿತ್ತು. ಆ ನೀರು ಸುಮ್ಮನೆ ನಿಂತಿರಲಿಲ್ಲ. ಒಂದು ಕಡೆಯ ಅಂಚಿಗೆ ಬಂದು ಮುಟ್ಟುತ್ತಿತ್ತು, ಹಿಂದಕ್ಕೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಅದರಿಂದ ನನಗೆ ಗೊತ್ತಿಲ್ಲದ ಒಂದು ವಾಸನೆ ಬರುತ್ತಿತ್ತು. ನಾನು ಹೊಳೆದಂಡೆಯಲ್ಲಿ ಬೆಳೆದವಳು. ಹೊಳೆಯ ಮೀನು, ಪಾಚಿ, ಕೆಸರು ಎಲ್ಲದರ ವಾಸನೆ ಬಲ್ಲೆ. ಅದು ಇವು ಯಾವುದೂ ಅಲ್ಲ.

ಅತ್ತೆಯನ್ನು ಕೂಗಿದೆ. ನನ್ನ ದನಿಗೆ ಹೆದರಿ ಅವರು ಕಾಲು ಎಳೆಯುತ್ತಲೇ ಏಣಿ ಹತ್ತಿ ಬಂದರು. ಬಗ್ಗಿ ನೋಡಿದರು. ಬೆರಳು ಅದ್ದಿ ಚೀಪಿ, "ಥೂ, ಕಟಿಕಟಿ ಉಪ್ಪು!" ಎಂದು ಮಾಳಿಗೆಯ ಆಚೆ ಉಗುಳಿದರು. ಆಮೇಲೆ ನನ್ನ ಕೈ ಹಿಡಿದು, "ಅಶ್ವಿನಿ ಸಸ್ಯನಾಶಿನಿ ಅಂತಾರವಾ. ಈ ಮಳಿ ಒಳ್ಳೇದಲ್ಲ. ಯಾರ ಮುಂದೂ ಆಡಬ್ಯಾಡ" ಎಂದರು. ನೀರನ್ನು ಅವರೇ ಚೆಲ್ಲಿದರು. ಓಣಿಯವರು ಬಂದಾಗ, ಈ ವರ್ಷ ಎಲ್ಲ ಎಲೆಯೂ ಒಣ ಎಂದುಬಿಟ್ಟರು.

ಅಶ್ವಿನಿ ಮಳೆಯ ದಿನಗಳು ಬಂದವು. ಆಕಾಶದಲ್ಲಿ ಒಂದು ಅರಳೆಯಷ್ಟು ಮೋಡವೂ ಇರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯಲ್ಲಿ ಅದೇ ವಾಸನೆ ಬಂತು. ಹಂಚಿನ ಮೇಲೆ ರೊಟ್ಟಿ ಸುಡುತ್ತಿದ್ದರೂ ಆ ವಾಸನೆ ಅಡಗಲಿಲ್ಲ. ನಿಮ್ಮ ತಾತ ಹೊಸಿಲಲ್ಲಿ ಕುಳಿತು ಚಪ್ಪಲಿ ಮೆಟ್ಟುತ್ತ ರೇಡಿಯೋ ಹಚ್ಚಿದ್ದರು. ಕರಾವಳಿ ಸಮುದ್ರದಲ್ಲಿ ಗಾಳಿ ಜೋರಾಗಿರುತ್ತದೆ, ಮೀನುಗಾರರು ಕಡಲಿಗೆ ಇಳಿಯಬಾರದು, ಒಳನಾಡಿನಲ್ಲಿ ಒಣಹವೆ ಮುಂದುವರಿಯುತ್ತದೆ ಎಂದು ಹೇಳುತ್ತಿತ್ತು.

"ಇವತ್ತ ಕೆಲಸಕ್ಕ ಹೋಗಬ್ಯಾಡ್ರಿ" ಎಂದೆ.

"ಯಾಕಲೇ? ಬ್ಯಾಡ ಅಂದಿದ್ದು ಮೀನುಗಾರರಿಗೆ. ನಾನೇನು ಗಿರಣಿ ಅಂಗಳದಾಗ ಬಲಿ ಬೀಸಾಕ ಹೊಂಟೀನೇನು?" ಎಂದು ನಕ್ಕರು. ಅವರನ್ನು ಕರೆಯಲು ಬಂದಿದ್ದ ಗಿರಣಿಯವರೂ ಹೊರಗೆ ನಿಂತು ನಕ್ಕರು.

ಅಷ್ಟು ಜನರ ಮುಂದೆ ನಾನು ಎಂದೂ ಮಾತಾಡಿದವಳಲ್ಲ. ಅಂದು, "ಹೋದರ ಹೊಳ್ಳಿ ಬರಂಗಿಲ್ಲ ಅನಸ್ತೈತ್ರಿ ನನಗ" ಎಂದುಬಿಟ್ಟೆ. ಅತ್ತೆ ಒಳಗಿನಿಂದ, "ಏನಂತ ಆಡ್ತಿ! ಬಿಡ್ತು ಅನ್ನು!" ಎಂದು ಗದರಿದರು. ನಾನು ತಕ್ಷಣ ಬಿಡ್ತು ಎಂದೆ. ಎರಡು ಸಲ ಎಂದೆ. ನಿಮ್ಮ ತಾತ ನಗುತ್ತಲೇ ಹೋದರು.

ಮಧ್ಯಾಹ್ನ ದಾಟಿದ ಮೇಲೆ ಸಂಡೂರು ಗುಡ್ಡಗಳ ದಿಕ್ಕಿನಿಂದ ಕೆಂಪು ಧೂಳು ಎದ್ದಿತು, ಅದರ ಬೆನ್ನಿಗೇ ಮೋಡ ಬಂತು. ಹಂಪಿಯ ಕಡೆ ಬಾಳೆತೋಟಗಳು ನೆಲಕ್ಕೆ ಮಲಗಿದವೆಂದು ಆಮೇಲೆ ಕೇಳಿದೆ. ನಮ್ಮಲ್ಲಿ ಆಲಿಕಲ್ಲು ಬಿತ್ತು. ನಿಮ್ಮ ತಾತ ತಾಡಪತ್ರಿ ಎಳೆಯಲು ಅಂಗಳಕ್ಕೆ ಓಡಿದಾಗ ಸಿಡಿಲು ಹೊಡೆಯಿತು. ಮೈಮೇಲೆ ಗಾಯವೇ ಇರಲಿಲ್ಲ. ಮನೆಗೆ ತಂದಾಗಲೂ ತಾಡಪತ್ರಿಯ ಹಗ್ಗ ಮುಷ್ಟಿಯಲ್ಲೇ ಇತ್ತು.

ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಗಿರಣಿಯವರು ಬೆಳಗಿನ ಮಾತನ್ನು ಒಬ್ಬರಿಗೊಬ್ಬರು ಹೇಳತೊಡಗಿದರು. ನಾನು ಬಿಡ್ತು ಎಂದದ್ದು ಒಬ್ಬರಿಗೂ ನೆನಪಿರಲಿಲ್ಲ. ಅತ್ತೆ ಎದೆ ಬಡಿದುಕೊಳ್ಳುತ್ತ, "ಕರಿನಾಲಿಗಿಯಾಕಿ, ನನ್ನ ಮಗನ್ನ ನುಂಗಿದಿ" ಎಂದರು. ಆ ಹೆಸರು ಹುಟ್ಟಿದ್ದು ಅವರ ಬಾಯಲ್ಲಿ. ಓಣಿಯವರು ಅದನ್ನು ಎತ್ತಿಕೊಂಡರು. ಸೋಬಾನೆಗೆ ಕರೆಯುವುದನ್ನು ನಿಲ್ಲಿಸಿದರು, ಬಸುರಿಯರನ್ನು ನಮ್ಮ ಬಾಗಿಲ ಮುಂದೆ ನಡೆಸಲಿಲ್ಲ. ಗಂಡ ಸತ್ತ ದುಃಖವನ್ನು ಅಳಲಿಕ್ಕೂ ಅವರು ನನಗೆ ಬಿಡಲಿಲ್ಲ. ಕೊಂದವಳು ಅಳುತ್ತಾಳೆ ನೋಡಿ ಎಂದರು.

ಎಷ್ಟೋ ವರ್ಷದ ಮೇಲೆ ನಿಮ್ಮ ಅಪ್ಪ ಎಲ್ಲರನ್ನೂ ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದು ನಿಮಗೆ ನೆನಪಿರಬೇಕು. ಕಡಲ ದಂಡೆಯಲ್ಲಿ ಕಾರಿನ ಬಾಗಿಲು ತೆರೆದ ಕೂಡಲೇ ಆ ವಾಸನೆ ಬಂತು. ಮಾಳಿಗೆಯ ಮೇಲೆ ಬಂದದ್ದೇ ಅದು. ಅಜ್ಜಿಗೆ ಪಿತ್ತ ಕೆರಳಿದೆ ಎಂದು ನೀವು ನಿಂಬೆಹಣ್ಣು ಕೊಟ್ಟಿರಿ. ನಾನು ಇಳಿಯಲೇ ಇಲ್ಲ.

ನಿಮ್ಮ ಅಮ್ಮ ಓದಿದವಳು. ಬೇಸಿಗೆಯಲ್ಲಿ ಕಡಲ ತೇವದ ಗಾಳಿ ಘಟ್ಟ ಹತ್ತಿ ಈ ಕಡೆ ಬರುವುದುಂಟು, ಅದರಿಂದಲೇ ಗುಡುಗು ಮಳೆಯಾಗುತ್ತದೆ, ಉಪ್ಪು ಆ ತೇವ ಹೀರಿರಬೇಕು ಎಂದು ತಿಳಿಸಿ ಹೇಳಿದ್ದಾಳೆ. ಇರಬಹುದು. ಹಾಗಾದರೆ ಪಕ್ಕದ ಎಲೆಯ ಉಪ್ಪು ಯಾಕೆ ಒಣಗಿತ್ತು, ಗಾಳಿಯಿಲ್ಲದೆ ನೀರು ಯಾಕೆ ಸರಿದಾಡುತ್ತಿತ್ತು ಎಂದರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋಗುತ್ತಾಳೆ.

ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡವಳು ನಾನೇ. ಹಾಸಿಗೆ ಹಿಡಿದು ಮಲಗಿದ್ದಾಗ, ಒಂದು ದಿನ ಗಂಜಿ ಕುಡಿಸುತ್ತ ಕೇಳಿದೆ: "ಅತ್ತಿ, ಆ ನೀರು ನೀವೂ ನೋಡಿದ್ರಲ್ಲ. ಒಬ್ಬರ ಮುಂದಾದ್ರೂ ಹೇಳ್ರಿ. ನನ್ನ ಹೆಸರು ತೊಳದು ಹೋಗ್ರಿ."

ಅವರು ನನ್ನನ್ನು ನೆಟ್ಟಗೆ ನೋಡಿದರು. ಬುದ್ಧಿ ನೆಟ್ಟಗೇ ಇತ್ತು. ಸಿಟ್ಟೂ ಇರಲಿಲ್ಲ. "ಯಾವ ನೀರವಾ? ಆ ವರ್ಷ ನನ್ನ ಕಾಲು ಬಾತಿತ್ತು. ನಾನು ಮಾಳಿಗಿ ಹತ್ತೇ ಇಲ್ಲಲ್ಲ" ಎಂದರು.

ಸಾಯುವ ಹೊತ್ತಿನಲ್ಲಿ ಅವರು ಸುಳ್ಳಾಡಿದರು ಎಂದು ನಾನು ಬಹಳ ಕಾಲ ಸಿಟ್ಟು ಇಟ್ಟುಕೊಂಡಿದ್ದೆ. ಈಗ ಆ ಸಿಟ್ಟೂ ನಿಲ್ಲುತ್ತಿಲ್ಲ, ಯಾಕೆಂದರೆ ಆ ಮುಖದಲ್ಲಿ ಸುಳ್ಳು ಕಾಣಲಿಲ್ಲ. ಅಷ್ಟು ಬಾತ ಕಾಲಲ್ಲಿ ಅವರು ಏಣಿ ಹೇಗೆ ಹತ್ತಿದರೆಂದು ಅಂದು ನಾನು ಯೋಚಿಸಿರಲಿಲ್ಲ. ಅವರು ಹೇಳಿದ್ದೇ ನಿಜವಾದರೆ, ನನ್ನ ಪಕ್ಕದಲ್ಲಿ ಬಗ್ಗಿ ಬೆರಳು ಅದ್ದಿದವರು ಯಾರು? ನನ್ನ ಕೈ ಹಿಡಿದು, ಯಾರ ಮುಂದೂ ಆಡಬ್ಯಾಡ ಎಂದವರು ಯಾರು?