ಬ್ಲೂಟೂತಿನಲ್ಲಿ ಹೋದ ಮದುವೆ

ನಮ್ಮಣ್ಣ ನನ್ನ ನಂಬರನ್ನು ಬ್ಲಾಕ್ ಮಾಡಿ ಎರಡು ವರ್ಷವಾಗಿತ್ತು. ನಾನು ಸುಮ್ಮನಿರುವವಳೇ? ಅವನದನ್ನು ನಾನೂ ಬ್ಲಾಕ್ ಮಾಡಿದ್ದೆ. ಅವನ ಮನೆ ಒಂಟಿಕೊಪ್ಪಲಿನಲ್ಲಿ, ನನ್ನದು ಸಿದ್ಧಾರ್ಥನಗರದಲ್ಲಿ. ಒಂದೇ ಊರು, ಬಸ್ಸುಗಳಿಗೇನೂ ಕೊರತೆಯಿಲ್ಲ. ಇಬ್ಬರೂ ಹತ್ತಲಿಲ್ಲ.

ಜಗಳಕ್ಕೆ ಮೂಲ ನನ್ನ ಮಗಳ ಲಗ್ನಪತ್ರಿಕೆ. ಕೊನೆಗೆ ‘ಸುಖಾಗಮನ ಬಯಸುವವರು’ ಅಂತ ಹೆಸರುಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ಅಣ್ಣನ ಹೆಸರು ನನ್ನ ಮೈದುನನ ಹೆಸರಿನ ಕೆಳಗೆ ಅಚ್ಚಾಗಿಬಿಟ್ಟಿತ್ತು. ಅಚ್ಚಿಗೆ ಮೊದಲು ಪ್ರತಿ ತಂದು ತೋರಿಸಿದಾಗ ನಾನು ಮುಹೂರ್ತ ಸರಿಯಾಗಿದೆಯೇ ಅಂತ ನೋಡಿದ್ದೆ, ಹೆಸರು ನೋಡಿರಲಿಲ್ಲ. ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಕೈಹಿಡಿದು ಕರೆತರುವವನು ಸೋದರಮಾವ. “ನಿನ್ನ ಮೈದುನನ ಕೈಲೇ ಕರೆಸ್ಕೊ ಹೋಗು” ಅಂತ ಹೇಳಿ ಅಣ್ಣ ಫೋನಿಟ್ಟ. ಒಂದು ಸಲ ಕುಂಕುಮ ಇಟ್ಟು ಕರೆದಾಗಿದೆ, ಇನ್ನೇನು ಹೆಗಲ ಮೇಲೆ ಹೊತ್ಕೊಂಡು ಬರಬೇಕಾ ಅಂತ ನಾನೂ ಮತ್ತೆ ಫೋನ್ ಮಾಡಲಿಲ್ಲ. ಅವನು ಬರಲಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಇದ್ದವನು ಅವನೊಬ್ಬನೇ. ಎರಡು ಗೌರಿ ಹಬ್ಬ ಬಾಗಿನವಿಲ್ಲದೆ ಕಳೆದವು. ಅಕ್ಕಪಕ್ಕದವರು ಕೇಳಿದರೆ ‘ಕೊಟ್ಟು ಹೋದ ಕಣ್ರೀ’ ಅಂತ ಸುಳ್ಳು ಹೇಳುತ್ತಿದ್ದೆ.

ಈ ವರ್ಷ ಮಂಡಕಳ್ಳಿ ಹತ್ತಿರ ನೆಂಟರೊಬ್ಬರ ಗೃಹಪ್ರವೇಶ. ಊಟದ ಸರದಿಗೆ ಕಾಯುತ್ತಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಅಣ್ಣ ಬಂದು ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕೂತ. ಹೊಸ ಗೋಡೆಯನ್ನು ನೋಡುತ್ತಾ, “ಮದುವೆ ವೀಡಿಯೊ ಇದ್ಯಾ?” ಅಂದ.

“ಇದೆ.”

“ನಂಗೂ ಕಳ್ಸು.”

“ಎಲ್ಲಿಗೆ ಕಳಿಸ್ಲಿ? ಬ್ಲಾಕ್ ಮಾಡಿದೀಯಲ್ಲ.”

“ನೀನು ಮಾಡಿಲ್ವಾ?”

ಇಬ್ಬರೂ ಫೋನು ಹಿಡಿದುಕೊಂಡು ಕೂತೆವು. ಮೊದಲು ಬ್ಲಾಕ್ ತೆಗೆಯುವವರು ಯಾರು? ಯಾರೂ ಇಲ್ಲ. ಕೊನೆಗೆ ಅವನೇ, “ಬ್ಲೂಟೂತಲ್ಲಿ ಕಳ್ಸು. ಅದಕ್ಕೆ ನಂಬರ್ ಬೇಡ” ಅಂದ. ನಮ್ಮ ಮಾನ ಉಳಿಯಿತು.

ಫೋನುಗಳನ್ನು ಜೋಡಿಸುವಾಗ ತಾಳೆ ನೋಡಿ ಅಂತ ಎರಡರಲ್ಲೂ ಒಂದೇ ಸಂಖ್ಯೆ ಬಂತು. ಅವನು ತನ್ನದನ್ನು ಗಟ್ಟಿಯಾಗಿ ಓದಿದ, ನಾನು ‘ಹೂಂ, ಅದೇ’ ಅಂದೆ. ಎರಡು ವರ್ಷದಲ್ಲಿ ನಾವು ಒಪ್ಪಿದ ಮೊದಲ ವಿಷಯ ಅದು. ಇನ್ನೂ ಐವತ್ತು ನಿಮಿಷ ಬೇಕು ಅಂತ ಫೋನು ತೋರಿಸಿತು. ಅಷ್ಟರಲ್ಲಿ ಕಾಫಿ ಬಂತು ಅಂತ ಯಾರೋ ಕೂಗಿದ್ದೇ ತಡ, ಅಣ್ಣ ಫೋನನ್ನು ಜುಬ್ಬದ ಜೇಬಿಗೆ ಹಾಕಿಕೊಂಡು ಹಿತ್ತಿಲಿಗೆ ಹೊರಟುಬಿಟ್ಟ. ಸ್ವಲ್ಪವೇ ಹೋಗಿದ್ದ ಮದುವೆ ಅಲ್ಲೇ ನಿಂತಿತು.

“ಅಯ್ಯೋ, ಹತ್ತಿರ ಇಟ್ರೇನೇ ಹೋಗೋದು ಕಣಣ್ಣ, ನಿಂಗೆ ಅಷ್ಟೂ ಗೊತ್ತಾಗಲ್ವಾ!” ಅಂತ ರೇಗಿದೆ. ಮೊದಲಿನಿಂದ ಶುರು. ಈ ಸಲ ನಡುವಿನ ಖಾಲಿ ಕುರ್ಚಿ ಮೇಲೆ ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು, ಯಾರೂ ಕೂರದ ಹಾಗೆ ಕಾವಲು ಕಾದೆವು. ಊಟದ ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಕೂತಿತು. ನಾವು ಏಳಲಿಲ್ಲ.

“ಮಂಡಿನೋವು ಎಂಗದೆ?” ಅಂದ.

“ಅಂಗೇ ಅದೆ.”

ವೀಡಿಯೊ ಪೂರ್ತಿ ಹೋದ ತಕ್ಷಣ ಅಣ್ಣ ಅಲ್ಲೇ ಹಾಕಿದ. ಬೆರಳಿನಿಂದ ಮುಂದಕ್ಕೆ ಮುಂದಕ್ಕೆ ತಳ್ಳಿ, ಹಸೆಮಣೆಗೆ ಹೆಣ್ಣು ಬರುವ ಕಡೆ ನಿಲ್ಲಿಸಿದ. ತನ್ನ ಜಾಗದಲ್ಲಿ ಯಾರು ನಿಂತಿದ್ದರು ಅಂತ ನೋಡುವುದಕ್ಕೇ ಅವನು ವೀಡಿಯೊ ಕೇಳಿದ್ದು ಅಂತ ಆಗ ನನಗೆ ಗೊತ್ತಾಯಿತು.

ಯಾರೂ ನಿಂತಿರಲಿಲ್ಲ. ಪುರೋಹಿತರು “ಸೋದರಮಾವ ಎಲ್ಲಮ್ಮ?” ಅನ್ನುತ್ತಾರೆ. “ಬರ್ತಾರೆ, ಕಾಯ್ರಿ” ಅನ್ನುವ ನನ್ನ ದನಿ ಕೇಳುತ್ತದೆ. ಆಮೇಲೆ ಬಹಳ ಹೊತ್ತು ಏನೂ ಆಗುವುದಿಲ್ಲ. ಮಗಳು ತೆಂಗಿನಕಾಯಿ ಹಿಡಿದು ನಿಂತಿದ್ದಾಳೆ, ಎಲ್ಲರೂ ಛತ್ರದ ಬಾಗಿಲ ಕಡೆ ನೋಡುತ್ತಿದ್ದಾರೆ. ಮುಹೂರ್ತ ಮೀರುತ್ತದೆ ಅಂದಾಗ ನಾನೇ ಅವಳ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ಮೈದುನ ಎದ್ದು ಬಂದಿದ್ದ. ನಾನೇ ಬೇಡ ಅಂದಿದ್ದೆ.

ಅಣ್ಣ ಆ ಭಾಗವನ್ನು ಎರಡು ಸಲ ನೋಡಿದ.

“ನಾನು ಅಲ್ಲೇ ಇದ್ದೆ ಕಣೆ,” ಅಂದ. “ಛತ್ರದ ಎದುರುಗಡೆ, ರಸ್ತೆ ಆಚೆ. ಹೊಸ ಪಂಚೆ ಉಟ್ಕೊಂಡು ಬಂದಿದ್ದೆ. ಯಾರಾದ್ರೂ ಆಚೆ ಬಂದು ಕರೀತಾರೇನೋ ಅಂತ.”

ನನಗೆ ಸಿಟ್ಟು ನೆತ್ತಿಗೇರಿತು, ಅದರ ಜೊತೆಗೇ ಅಳುವೂ ಬಂತು. “ಬಾಗಿಲು ತೆರೆದೇ ಇತ್ತಲ್ಲೋ! ಎಷ್ಟೊತ್ತು ನಿಂತಿದ್ದೆ?” ಅಂದೆ.

“ಕೊನೇ ಪಂಕ್ತಿ ಏಳೋವರೆಗೂ,” ಅಂದ.