ಎಡಗೈಗೆ ಕಟ್ಟಿದ ಹಗ್ಗ

ಮಾಮಾನ ಎಡಗೈಯಿಂದ ಹಗ್ಗ ಬಿಡಿಸಿದವರು ಯಾರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನಾನೇ ಬಿಡಿಸಿದೆ ಎಂದು ಬಹಳ ದಿನ ನಂಬಿದ್ದೆ. ಹಗ್ಗದ ಒರಟು, ಉಗುರಿನ ಸಂದಿಗೆ ಹೊಕ್ಕ ಮಣ್ಣು ಎರಡೂ ನೆನಪಿವೆ. ಆದರೆ ಹಗ್ಗ ಕಟ್ಟಿದವನೂ ನಾನೇ. ಬೆರಳಿಗಿರುವ ಆ ನೆನಪು ಕಟ್ಟುವಾಗಿನದೋ ಬಿಚ್ಚುವಾಗಿನದೋ ಹೇಳಲಾರೆ. ಸಾಕ್ಷಿ ಹೇಳುವವನಿಗೆ ಅದರಿಂದ ಲಾಭವಿದ್ದರೆ ಆ ಮಾತನ್ನು ಎರಡು ಸಲ ತೂಗಿ ನೋಡಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಇಲ್ಲಿ ಲಾಭ ಪೂರ್ತಿ ನನ್ನದೇ.

ಮಾಮಾ ನನ್ನ ತಾಯಿಯ ತಮ್ಮ. ಗುಡೂರಿನಲ್ಲಿ ಮನೆ, ಹೊಲ, ಒಂದು ಜೋಡಿ ಎತ್ತು. ಎತ್ತಿನ ಗಾಡಿ ಓಟದ ಶರ್ಯತ್ತು ಎಂದರೆ ಊಟ ಬಿಟ್ಟು ಏಳುವ ಮನುಷ್ಯ. ನಾಲ್ಕು ನಿಮಿಷದಲ್ಲಿ ಮುಗಿಯುವ ಓಟ ಅವನಿಗೆ ಸೇರುತ್ತಿರಲಿಲ್ಲ. ಹೊಲಗಳ ನಡುವಿನ ಮಣ್ಣಿನ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ, ನೆಟ್ಟ ನಿಶಾನಿ ಸುತ್ತಿ, ಅಷ್ಟೇ ದೂರ ತಿರುಗಿ ಬರುವ ಶರ್ಯತ್ತುಗಳಿಗೆ ಮಾತ್ರ ಹೋಗುತ್ತಿದ್ದ. ಮೊದಲು ಎಲ್ಲರಿಗೂ ಹಾದಿ ಬಿಟ್ಟುಕೊಟ್ಟು, ಉಳಿದವರ ಎತ್ತುಗಳು ಬಾಯಿ ತೆರೆದ ಮೇಲೆ ಮುಂದೆ ಹೋಗುವುದು ಅವನ ರೀತಿ.

ನಲವತ್ತಾರನೆಯ ವಯಸ್ಸಿನಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಮಾತು ಒಂದು ತಿಂಗಳಲ್ಲಿ ಮರಳಿತು. ಕಾಲು ಅರ್ಧ ವರ್ಷ ತೆಗೆದುಕೊಂಡಿತು. ಎಡಗೈಯ ಬೆರಳು ಮಾತ್ರ ಮತ್ತೆ ಮುಷ್ಟಿಯಾಗಲಿಲ್ಲ. ವೈದ್ಯರು ದಿನಾ ನಡೆಯಿರಿ ಎಂದಿದ್ದರು, ಇವನು ಎತ್ತುಗಳ ಜೊತೆ ನಡೆದ. ಬಲಗೈಯನ್ನು ಎತ್ತಿನ ಹಿಣಿಲಿನ ಮೇಲಿಟ್ಟು, ಕಾಲೆಳೆಯುತ್ತ, ಮೊದಲು ಬಾವಿಯವರೆಗೆ, ಆಮೇಲೆ ಊರಾಚೆಯ ಹಳ್ಳದವರೆಗೆ. ಎತ್ತುಗಳು ಅವನ ಹೆಜ್ಜೆಗೆ ತಮ್ಮ ಹೆಜ್ಜೆ ಕಡಿಮೆ ಮಾಡಿಕೊಂಡವು. ಒಂದು ವರ್ಷವಾದ ಮೇಲೆ, ಮತ್ತೆ ಗಾಡಿ ಓಡಿಸುತ್ತೇನೆ ಎಂದ. ಮುಷ್ಟಿಯಲ್ಲಿ ಹಿಡಿಯಲಾಗದ ಎಡ ಎತ್ತಿನ ಹಗ್ಗವನ್ನು ಎಡ ಮುಂಗೈಗೆ ಕಟ್ಟಿಕೊಳ್ಳುತ್ತೇನೆ ಎಂದ.

ಗಾಡಿ ಓಡಿಸುವವರು ಹಗ್ಗವನ್ನು ಮೈಗೆ ಕಟ್ಟಿಕೊಳ್ಳುವುದಿಲ್ಲ. ಗಾಡಿ ಮಗುಚಿದರೆ ಕೈ ಬಿಟ್ಟು ಉರುಳಬಹುದು, ಕಟ್ಟಿಕೊಂಡವನನ್ನು ಎತ್ತುಗಳು ಎಳೆದುಕೊಂಡು ಹೋಗುತ್ತವೆ. ಮಾಮಾನಿಗೂ ಇದು ಗೊತ್ತಿತ್ತು. ಅದಕ್ಕೇ ಒಂದು ಎಳೆತಕ್ಕೆ ಬಿಚ್ಚುವ ಗಂಟು ಹಾಕಿಸಿಕೊಳ್ಳುತ್ತಿದ್ದ. ಅಭ್ಯಾಸದ ದಿನಗಳಲ್ಲಿ ಅದನ್ನು ಹಾಕುತ್ತಿದ್ದವನು ಅವನ ಗೆಳೆಯ, ನಾನು ಕಾಕಾ ಎಂದು ಕರೆಯುತ್ತಿದ್ದವನು.

ಆಗ ನಾನು ಬಾದಾಮಿಯಲ್ಲಿ ಅತಿಥಿ ಉಪನ್ಯಾಸಕ. ಮೂರು ವರ್ಷದಲ್ಲಿ ಅದು ಮೂರನೆಯ ಕಾಲೇಜು, ಅಲ್ಲಿಯೂ ಮನಸ್ಸು ನಿಂತಿರಲಿಲ್ಲ. ರಜೆಗೆ ವಿದ್ಯಾಗಿರಿಯ ನಮ್ಮ ಮನೆಗೆ ಹೋಗುವ ಬದಲು ಗುಡೂರಿಗೆ ಹೋಗಿದ್ದೆ. ಮಾಮಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀ ಕಡ್ಡಿ ಇದ್ದಂಗ ಇದ್ದಿ. ಎತ್ತಿಗೆ ಭಾರ ಆಗೂದಿಲ್ಲ. ನಾಳೆ ಗಾಡ್ಯಾಗ ಹಿಂದ ಕುಂದ್ರು" ಎಂದ. ಗಾಡಿಯಲ್ಲಿ ಇಬ್ಬರಿರಬೇಕೆಂಬ ನಿಯಮವಿತ್ತು.

ಮರುದಿನ ಮುಂಜಾನೆ ಹೊರಡುವಾಗ ಅತ್ತೆ ನನ್ನ ಕೈಗೆ ರೊಟ್ಟಿ ಬುತ್ತಿ ಕೊಟ್ಟು, ಗಂಡನಿಗೂ ಕೇಳಿಸುವಂತೆ ಹೇಳಿದಳು. "ಎರಡು ಕಾಲು, ಎರಡು ಕೈ, ಒಂದು ತಲಿ. ಎಣಿಸಿ ಕೊಟ್ಟೀನಿ ನೋಡಪಾ. ಎಣಿಸಿ ತಂದು ಒಪ್ಪಿಸು."

"ತಲಿ ಮೊದಲ ಇಲ್ಲ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ" ಎಂದ ಮಾಮಾ.

ಅವಳು ನಗಲಿಲ್ಲ.

ಶರ್ಯತ್ತು ರಾಮಥಾಳದ ಕಡೆಯ ಹೊಲಗಳಲ್ಲಿ. ಹನ್ನೊಂದು ಗಾಡಿಗಳು ಬಂದಿದ್ದವು ಎಂದು ನೆನಪು, ಒಂಬತ್ತೂ ಇರಬಹುದು. ಎಷ್ಟನೆಯ ಸಾಲಿನಲ್ಲಿ ನಿಲ್ಲಬೇಕೆಂಬ ಚೀಟಿ ಎತ್ತಲು ಕಾಕಾ ಹೋದವನು ಬೇಗ ಬರಲಿಲ್ಲ. ಮಾಮಾ ಎಡಗೈಯನ್ನು ನನ್ನ ಮುಂದೆ ಚಾಚಿದ.

"ಕಟ್ಟು. ಬಿಗಿ ಇರಬೇಕು, ಆದ್ರ ಒಂದ ಸಲ ಜಗ್ಗಿದ್ರ ಬಿಚ್ಚಬೇಕು."

ಎತ್ತು ಕಟ್ಟುವ ಗಂಟು ನನಗೆ ಬರುತ್ತಿರಲಿಲ್ಲ. "ಬೂಟಿನ ಲೇಸ್ ಕಟ್ಟಿದಂಗ ಕಟ್ಟಲೇನು ಮಾಮಾ?"

"ಹೆಂಗರ ಕಟ್ಟೋ. ಹಿಂಗ ಕೈ ಹಿಡಕೊಂಡು ನಿಂತ್ರ ನೋಡಿದವರು ಕಂಕಣ ಕಟ್ಟಾಕ ಹತ್ಯಾನ ಅಂತಾರ."

ಕಟ್ಟಿದೆ. ಅಷ್ಟರಲ್ಲಿ ಕಾಕಾ ಬೈಕಿನ ಮೇಲೆ ಬಂದು, ಎಡತುದಿಯ ಸಾಲು ಎಂದು ಕೂಗಿದ. ಗಾಡಿ ಹತ್ತಿದೆವು. ಬಾವುಟ ಬಿತ್ತು.

ಎತ್ತಿನ ಓಟವನ್ನು ದಂಡೆಯಲ್ಲಿ ನಿಂತು ನೋಡುವುದೇ ಬೇರೆ. ಹಿಂದೆ ಕುಳಿತವನಿಗೆ ಓಟ ಕಾಣುವುದಿಲ್ಲ, ಅಲುಗಾಟ ಮಾತ್ರ. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಎರಡೂ ಬದಿಗೆ ಬೈಕುಗಳು, ಹಾರ್ನು, ಸಿಳ್ಳು, ಧೂಳು. ನಾನು ಗಾಡಿಯ ಅಡ್ಡಪಟ್ಟಿ ಹಿಡಿದು ಮಾಮಾನ ಮುಂಗೈಯನ್ನೇ ನೋಡುತ್ತಿದ್ದೆ. ಆಗ ಆ ಯೋಚನೆ ಬಂತು: ಒಂದೇ ಗಂಟು ಹಾಕಿದೆನೋ, ಎರಡೋ?

ವಿದ್ಯಾಗಿರಿಯಲ್ಲಿ ಸಾಲೆಗೆ ಹೋಗುವಾಗ ಅವ್ವ ನನ್ನ ಬೂಟಿನ ಲೇಸಿಗೆ ಯಾವಾಗಲೂ ಎರಡು ಗಂಟು ಹಾಕುತ್ತಿದ್ದಳು, ಹಾದಿಯಲ್ಲಿ ಬಿಚ್ಚಬಾರದೆಂದು. ಇಂದಿಗೂ ನನ್ನ ಕೈ ನನ್ನನ್ನು ಕೇಳದೆ ಎರಡನೆಯ ಗಂಟು ಹಾಕಿಬಿಡುತ್ತದೆ. ಹಾಗೆ ಹಾಕಿದ ಗಂಟು ಜಗ್ಗಿದರೆ ಬಿಚ್ಚುವುದಿಲ್ಲ, ಇನ್ನೂ ಬಿಗಿಯುತ್ತದೆ.

ಕುತ್ತಿಗೆ ಚಾಚಿ ನೋಡಿದೆ. ಗಂಟಿನ ಎರಡು ಕಿವಿ ಜೋತಾಡುತ್ತಿದ್ದವು. ಅವುಗಳ ಬುಡ ಮಾಮಾನ ಮೊಣಕೈ ಮರೆಯಲ್ಲಿತ್ತು. ಅಂಗಿಯ ತೋಳು ಸರಿದಾಗ ಒಂದೇ ಗಂಟು ಎನಿಸುತ್ತಿತ್ತು, ಮರುಕ್ಷಣ ಎರಡು. ಎಷ್ಟು ನೋಡಿದರೂ ಅಷ್ಟೇ. ಪ್ರತಿ ತಗ್ಗಿಗೂ ಗಾಡಿ ಒಂದು ಚಕ್ರದ ಮೇಲೆ ಏಳುತ್ತಿತ್ತು. ಪ್ರತಿ ಸಲವೂ ನಾನು ಅವನ ಸಾವನ್ನು ಪೂರ್ತಿಯಾಗಿ ನೋಡಿ ಮುಗಿಸುತ್ತಿದ್ದೆ, ಅತ್ತೆಯ ಮುಂದೆ ಹೋಗಿ ನಿಲ್ಲುವವರೆಗೆ.

ನಿಶಾನಿಯ ಹತ್ತಿರ ತಿರುಗುವಾಗ ಎತ್ತುಗಳು ನಿಧಾನವಾದವು. ಆಗ ಹೇಳಿದೆ.

"ಮಾಮಾ, ಗಂಟು."

"ಏನಾಗೇತಿ?"

"ಎರಡು ಸಲ ಹಾಕೀನೇನೋ ಅನಸ್ತೈತಿ."

"ಅನಸ್ತೈತೋ, ಹಾಕೀಯೋ?"

"ಗೊತ್ತಿಲ್ಲ."

"ಗೊತ್ತಾದ ಮ್ಯಾಲೆ ಹೇಳು" ಎಂದವನೇ ಎತ್ತುಗಳಿಗೆ ದನಿ ಕೊಟ್ಟ.

ಆಗ ಕೈ ಚಾಚಿ ಬಿಚ್ಚಿಬಿಡಬಹುದಿತ್ತು. ಬಿಚ್ಚಿದರೆ ಎಡಗಡೆಯ ಎತ್ತಿಗೆ ಹಿಡಿತವೇ ಇರುತ್ತಿರಲಿಲ್ಲ, ಒಂದು ವರ್ಷ ನಡೆದದ್ದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಇದನ್ನು ಅಂದೇ ಯೋಚಿಸಿದೆನೋ, ಈಗ ಕೂಡಿಸುತ್ತಿದ್ದೇನೋ ತಿಳಿಯದು. ನಾನು ಅಡ್ಡಪಟ್ಟಿ ಬಿಡಲಿಲ್ಲ, ಅಷ್ಟು ನಿಜ.

ತಿರುಗಿ ಬರುವ ಹಾದಿಯಲ್ಲಿ ಮೂರು ಗಾಡಿಗಳನ್ನು ದಾಟಿದೆವು. ನಾಲ್ಕನೆಯದು ನಮ್ಮನ್ನು ಒತ್ತಿತು. ನಮ್ಮ ಎಡ ಚಕ್ರ ಹೊಲದ ಒಡ್ಡಿನ ಕಲ್ಲು ಹತ್ತಿತು. ಗಾಡಿ ಬಲಕ್ಕೆ ಮಗುಚಿತು. ನಾನು ಜೋಳದ ಕೂಳೆಯ ಮೇಲೆ ಬಿದ್ದೆ. ತಲೆ ಎತ್ತಿದಾಗ ಮಗುಚಿದ ಗಾಡಿ ಓಡುತ್ತಲೇ ಇತ್ತು, ಅದರ ಪಕ್ಕದಲ್ಲಿ ಮಾಮಾ ನೆಲದ ಮೇಲೆ ಜಾರುತ್ತಿದ್ದ. ಅವನ ಎಡಗೈ ಉದ್ದಕ್ಕೆ, ಎತ್ತಿನ ಕಡೆಗೆ ಚಾಚಿತ್ತು. ನಾನು ಓಡಿದೆ. ಬಹಳ ಹೊತ್ತು ಓಡಿದೆ. ಹತ್ತಿರ ಹೋಗಿ ಗಂಟಿಗೆ ಬೆರಳು ಹಾಕಿದೆ. ನೆನಪಿರುವುದು ಇಷ್ಟು.

ಇಳಕಲ್ಲಿನ ದವಾಖಾನೆಯಲ್ಲಿ ಅವನ ಕೀಲು ತಪ್ಪಿದ ಭುಜವನ್ನು ಕೂಡಿಸಿದರು. ಮೊಣಕಾಲಿಗೆ ಹೊಲಿಗೆ ಬಿತ್ತು. ಸಂಜೆ ಅತ್ತೆ ಬಂದು ಮೊದಲು ಅವನ ಬೆರಳುಗಳನ್ನು ಮುಟ್ಟಿ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ಬೈಕ್ ಬಿಟ್ಟು ಹಾರಿ ಕುಡಗೋಲಿನಿಂದ ಹಗ್ಗ ಕೊಯ್ದವನು ತಾನೇ ಎಂದ ಕಾಕಾ. ಹಗ್ಗ ತಾನೇ ಬಿಚ್ಚಿತ್ತು ಎಂದು ಬೇರೆ ಗಾಡಿಯವನೊಬ್ಬ ಅಂದ. ಮಾಮಾನನ್ನು ಕೇಳಿದರೆ, "ಮಣ್ಣಿನ ರುಚಿ ಅಷ್ಟ ನೆನಪೈತಿ. ಉಪ್ಪು ಕಡಿಮಿ ಇತ್ತು" ಎಂದ.

ಮುಂದಿನ ವರ್ಷ ಅವನು ಮತ್ತೆ ಓಡಿಸಿದ, ಕೈಗೆ ಹಗ್ಗ ಕಟ್ಟಿಕೊಂಡೇ. ಮೂರನೆಯವನಾಗಿ ಬಂದನಂತೆ. ನನಗೂ ಕರೆ ಬಂದಿತ್ತು. ಪರೀಕ್ಷೆಯ ಕೆಲಸವಿದೆ ಎಂದು ಬಾದಾಮಿಯಲ್ಲೇ ಉಳಿದೆ. ಪರೀಕ್ಷೆ ಮುಗಿದು ವಾರವಾಗಿತ್ತು.

ಇತ್ತೀಚೆಗೆ ಮೊಬೈಲಿನಲ್ಲಿ ಶರ್ಯತ್ತಿನ ವಿಡಿಯೋಗಳನ್ನು ಹುಡುಕುತ್ತಿದ್ದಾಗ ಅಂದಿನದು ಸಿಕ್ಕಿತು. ಓಡುವ ಬೈಕಿನ ಮೇಲಿಂದ ಯಾರೋ ತೆಗೆದದ್ದು. ಮೇಲೆ ಹಾಡು ಕೂಡಿಸಿದ್ದಾರೆ, ಹೀಗಾಗಿ ಅಲ್ಲಿಯ ಒಂದು ಮಾತೂ ಕೇಳುವುದಿಲ್ಲ. ಗಂಟು ಕಾಣುವುದಿಲ್ಲ. ಹಗ್ಗ ಬಿಡಿಸುವಾಗ ಜನರ ಬೆನ್ನು ಅಡ್ಡ ಬರುತ್ತದೆ. ಹತ್ತಾರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿ ಒಂದು ಸಂಗತಿಯನ್ನು ಮಾತ್ರ ಖಚಿತ ಮಾಡಿಕೊಂಡೆ. ಗಾಡಿ ಮಗುಚಿದ ಏಳನೆಯ ಸೆಕೆಂಡಿಗೆ ಎರಡೂ ಎತ್ತುಗಳು ತಾವಾಗಿಯೇ ನಿಂತಿವೆ, ಆಗ ನೆಲಕ್ಕೆ ಬಿದ್ದ ಮಾಮಾನನ್ನು ಬಿಟ್ಟರೆ ಅವುಗಳ ಹತ್ತಿರ ಯಾರೂ ಇಲ್ಲ.